ಮೂತ್ರ ಪರೀಕ್ಷೆ ಸರಿಯಾಗಿ ಆಗಲಿ: ಉರಿಮೂತ್ರದಿಂದ ನರಳುವವರ ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿಗಳು: ಎಲ್ಲ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಮತ್ತು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಿಗೆ.

ಮಾನ್ಯರೇ,

ಸರ್ಕಾರಿ ಆಸ್ಪತ್ರೆಯ ಲ್ಯಾಬ್ ಕಿಟಕಿಯ ಮುಂದೆ ಡಬ್ಬಿ ಹಿಡಿದು ನಿಲ್ಲುವ ಹೆಣ್ಣುಮಕ್ಕಳು, ಅವರನ್ನು ಕರೆದುಕೊಂಡು ಬರುವ ಆಶಾ ಕಾರ್ಯಕರ್ತೆಯರು, ಕಿಟಕಿಯ ಆಚೆ ಕೂತು ಆ ಡಬ್ಬಿಗಳನ್ನು ತೆಗೆದುಕೊಳ್ಳುವ ಲ್ಯಾಬ್ ಟೆಕ್ನಿಷಿಯನ್‌ಗಳು ಸೇರಿ ಈ ಪತ್ರ ಬರೆಯುತ್ತಿದ್ದೇವೆ.

ಒಂದಕ್ಕೆ ಹೋದಾಗ ಉರಿಯಾದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು 'ಉಷ್ಣ ಆಗಿದೆ' ಎಂಬುದು. ಎಳನೀರು, ಬಾರ್ಲಿ ನೀರು, ಮಜ್ಜಿಗೆ ಕುಡಿಯುತ್ತೇವೆ. ನೀರು ಹೆಚ್ಚು ಕುಡಿಯುವುದರಲ್ಲಿ ತಪ್ಪೇನಿಲ್ಲ. ಆದರೆ ಉರಿ ಇಳಿಯದೆ ಎರಡು ಮೂರು ದಿನ ಕಳೆದ ಮೇಲೆ ಮೆಡಿಕಲ್ ಶಾಪಿಗೆ ಹೋಗಿ, ಗಂಡಸರ ಎದುರು ಜೋರಾಗಿ ಹೇಳಲಾಗದೆ ತಗ್ಗಿದ ದನಿಯಲ್ಲಿ ಹೇಳಿ, ಅಂಗಡಿಯವರು ಕತ್ತರಿಸಿ ಕೊಟ್ಟ ನಾಲ್ಕು ಮಾತ್ರೆ ತಂದು ನುಂಗುತ್ತೇವೆ. ಕೆಲವರಿಗೆ ವಾಸಿಯಾಗುತ್ತದೆ. ಕೆಲವರಿಗೆ ಸೋಂಕು ಮೂತ್ರಕೋಶದಿಂದ ಮೇಲೇರಿ ಕಿಡ್ನಿ ತಲುಪುತ್ತದೆ. ಚಳಿಜ್ವರ, ಪಕ್ಕೆನೋವು, ವಾಂತಿ ಶುರುವಾದ ಮೇಲೆ ಜಿಲ್ಲಾಸ್ಪತ್ರೆಗೆ ಓಡುತ್ತೇವೆ.

ಇದು ಅಪರೂಪದ ಕಾಯಿಲೆಯಲ್ಲ. ಹೆಣ್ಣಿನ ಮೂತ್ರನಾಳ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಅಷ್ಟೆ. ಕರುಳಿನಲ್ಲಿ ನಿರುಪದ್ರವಿಯಾಗಿರುವ ಇ.ಕೋಲಿ ಬ್ಯಾಕ್ಟೀರಿಯಾ ಅಷ್ಟು ದೂರ ದಾಟಿ ಮೂತ್ರಕೋಶ ಸೇರುವುದು ಕಷ್ಟವಲ್ಲ. ಹೆಂಗಸರಲ್ಲಿ ಅರ್ಧದಷ್ಟು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಈ ಸೋಂಕು ಅನುಭವಿಸುತ್ತಾರೆ. ಇದನ್ನು ಪತ್ತೆಮಾಡುವ ಪರೀಕ್ಷೆ ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಉಚಿತ ರೋಗಪತ್ತೆ ಸೇವೆಗೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾರ್ಗಸೂಚಿ ಬಂದದ್ದು 2015ರಲ್ಲಿ. ಅತ್ಯಗತ್ಯ ಪರೀಕ್ಷೆಗಳ ರಾಷ್ಟ್ರೀಯ ಪಟ್ಟಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊರಡಿಸಿದ್ದು 2019ರಲ್ಲಿ. ಪಟ್ಟಿ ಇದೆ. ಪರೀಕ್ಷೆ ಸರಿಯಾಗಿ ನಡೆಯಲು ಬೇಕಾದ ಸಣ್ಣಪುಟ್ಟ ವ್ಯವಸ್ಥೆಯೇ ಇಲ್ಲ. ಪರೀಕ್ಷೆ ಬೇಕಾದವರಿಗೆ ಪರೀಕ್ಷೆಯಿಲ್ಲದೆ ಮಾತ್ರೆ ಸಿಗುತ್ತಿದೆ. ಕೆಟ್ಟ ಮಾದರಿಯ ರಿಪೋರ್ಟ್ ನಂಬಿ, ಮಾತ್ರೆ ಬೇಡದವರಿಗೂ ಮಾತ್ರೆ ಸಿಗುತ್ತಿದೆ. ಎರಡೂ ಅನ್ಯಾಯವೇ. ಆದ್ದರಿಂದ ಈ ಹಕ್ಕೊತ್ತಾಯಗಳು.

1. ಲ್ಯಾಬ್ ಇರುವ ಕಡೆಯೆಲ್ಲ ಬಳಸಲು ಯೋಗ್ಯವಾದ ಶೌಚಾಲಯ ಇರಲೇಬೇಕು.

ಮೂತ್ರ ಪರೀಕ್ಷೆ ಶುರುವಾಗುವುದು ಶೌಚಾಲಯದಲ್ಲಿ. ಅಲ್ಲಿ ಕೆಟ್ಟ ಮಾದರಿಯನ್ನು ಆಮೇಲೆ ಯಾವ ಯಂತ್ರವೂ ಸರಿಮಾಡಲಾರದು. ಈಗ ನಡೆಯುವುದೇನು? ಕೈಗೆ ಡಬ್ಬಿ ಕೊಟ್ಟು 'ತಗೊಂಡು ಬಾಮ್ಮ' ಎನ್ನುತ್ತಾರೆ. ಶೌಚಾಲಯಕ್ಕೆ ಬೀಗ, ಬೀಗದ ಕೈ ಯಾರ ಬಳಿಯೋ. ತೆರೆದಿದ್ದರೆ ನೀರಿಲ್ಲ. ನೀರಿದ್ದರೆ ಚಿಲಕವಿಲ್ಲ. ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಡಬ್ಬಿ, ಬಾಯಲ್ಲಿ ಡಬ್ಬಿಯ ಮುಚ್ಚಳ, ಬಾಗಿಲಿಗೆ ಬೆನ್ನು. ಹಾಗೆ ಹಿಡಿದ ಮೂತ್ರದಲ್ಲಿ ಚರ್ಮದ ಬ್ಯಾಕ್ಟೀರಿಯಾ, ಬಿಳಿಸೆರಗು, ನೆಲದ ಕೊಳೆ ಎಲ್ಲ ಸೇರಿರುತ್ತದೆ. ಆಮೇಲೆ ತುಂಬಿದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರರೋಗಿಗಳ ಸಾಲಿನ ನಡುವೆ ನಡೆದು ಬರಬೇಕು. ಈ ನಾಚಿಕೆಗೇ ಪರೀಕ್ಷೆ ಬೇಡವೆಂದು ಮನೆಗೆ ಹೋದವರು ನಮ್ಮಲ್ಲಿದ್ದಾರೆ.

ನಾವು ಕೇಳುವುದು ಇಷ್ಟು: ಲ್ಯಾಬಿಗೆ ಹೊಂದಿಕೊಂಡು, ಹೆಂಗಸರಿಗೆ ಪ್ರತ್ಯೇಕವಾಗಿ, ಆಸ್ಪತ್ರೆಯ ವೇಳೆಯುದ್ದಕ್ಕೂ ಬೀಗವಿಲ್ಲದ ಒಂದು ಶೌಚಾಲಯ. ಒಳಗೆ ನಲ್ಲಿ, ಸೋಪು, ದೀಪ, ಭದ್ರವಾದ ಚಿಲಕ, ಚೀಲ ನೇತುಹಾಕಲು ಮೊಳೆ, ಡಬ್ಬಿ ಮತ್ತು ಮುಚ್ಚಳ ಇಡಲು ಗೋಡೆಗೊಂದು ಹಲಗೆ. ಮಂಡಿನೋವಿನ ಅಜ್ಜಿಯರಿಗೆ, ಅಂಗವಿಕಲರಿಗೆ ಹಿಡಿಕೆಯಿರುವ ಕಮೋಡ್. ಡಬ್ಬಿಯನ್ನು ಶೌಚಾಲಯದಿಂದ ನೇರವಾಗಿ ಲ್ಯಾಬಿಗೆ ದಾಟಿಸಲು ಗೋಡೆಯಲ್ಲಿ ಪುಟ್ಟ ಕಿಂಡಿಯಿದ್ದರೆ ಇನ್ನೂ ಒಳ್ಳೆಯದು.

2. ಡಬ್ಬಿ ಆಸ್ಪತ್ರೆಯೇ ಕೊಡಲಿ, ಹಿಡಿಯುವುದು ಹೇಗೆಂದು ಒಬ್ಬರು ಬಾಯಿಬಿಟ್ಟು ಹೇಳಲಿ.

ಮನೆಯಿಂದ ತೊಳೆದು ತಂದ ಟಾನಿಕ್ ಬಾಟಲಿ, ಉಪ್ಪಿನಕಾಯಿ ಡಬ್ಬಿಯಲ್ಲಿ ಕೊಟ್ಟ ಮೂತ್ರ ಸೋಂಕಿನ ಪರೀಕ್ಷೆಗೆ ಬಾರದು. ಬಾಯಿ ಅಗಲವಾದ, ತಿರುಗಿಸಿ ಮುಚ್ಚುವ, ಸೋಂಕುರಹಿತ ಡಬ್ಬಿ ಬೇಕು. ಕೈ ತೊಳೆದುಕೊಳ್ಳಬೇಕು. ಮುಂದಿನಿಂದ ಹಿಂದಕ್ಕೆ ನೀರಿನಿಂದ ಶುಚಿಮಾಡಿಕೊಳ್ಳಬೇಕು. ಮೊದಲು ಬಂದದ್ದನ್ನು ಬಿಟ್ಟು, ನಡುವಿನದನ್ನು ಹಿಡಿದು, ಕೊನೆಯದನ್ನೂ ಬಿಡಬೇಕು. ಮುಟ್ಟಾಗಿದ್ದರೆ ಅದನ್ನು ಮೊದಲೇ ಹೇಳಬೇಕು. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕು. ಓದು ಬಾರದವರಿಗಾಗಿ ಶೌಚಾಲಯದ ಗೋಡೆಯ ಮೇಲೆ ಚಿತ್ರಪಟ ಹಾಕಿಸಿ. ಕನ್ನಡದ ಜೊತೆಗೆ ಆಯಾ ಕಡೆಯ ಭಾಷೆಯೂ ಅದರಲ್ಲಿರಲಿ: ಕಲಬುರಗಿಯಲ್ಲಿ ಉರ್ದು, ಪಾವಗಡದಲ್ಲಿ ತೆಲುಗು, ಪೀಣ್ಯದಲ್ಲಿ ಹಿಂದಿ.

3. ಮಾದರಿ ಕೊಟ್ಟ ಎರಡು ಗಂಟೆಯೊಳಗೆ ಪರೀಕ್ಷೆಯಾಗಲಿ, ಇಲ್ಲವೇ ಫ್ರಿಜ್ ಸೇರಲಿ.

ಬೆಳಿಗ್ಗೆ ಒಂಬತ್ತೂವರೆಗೆ ಕೊಟ್ಟ ಮಾದರಿ ಟ್ರೇಯಲ್ಲಿ ಸಾಲಾಗಿ ಕೂತಿರುತ್ತದೆ. ರಕ್ತದ ಕೆಲಸ ಮುಗಿಸಿ ಟೆಕ್ನಿಷಿಯನ್ ಅದರ ಬಳಿ ಬರುವಾಗ ಮಧ್ಯಾಹ್ನ. ರಾಯಚೂರಿನ ಮೇ ತಿಂಗಳ ಸೆಕೆಯಲ್ಲಿ ಆ ಹೊತ್ತಿಗೆ, ಹಿಡಿಯುವಾಗ ಹೊರಗಿನಿಂದ ಬಿದ್ದ ನಾಲ್ಕು ಬ್ಯಾಕ್ಟೀರಿಯಾ ಒಂದು ಸಂತತಿಯೇ ಆಗಿರುತ್ತವೆ. ಸೋಂಕಿನ ಗುರುತಾದ ಕೀವುಕಣಗಳು ಒಡೆದುಹೋಗಿರುತ್ತವೆ. ಸೋಂಕಿಲ್ಲದವರಿಗೆ ಸೋಂಕಿದೆಯೆಂದೂ ಇದ್ದವರಿಗೆ ಇಲ್ಲವೆಂದೂ ರಿಪೋರ್ಟ್ ಬರುವುದು ಹೀಗೆ.

ಪ್ರತಿ ಡಬ್ಬಿಯ ಮೇಲೆ ಹೆಸರಿನ ಜೊತೆ ಮೂತ್ರ ಹಿಡಿದ ಗಂಟೆಯನ್ನೂ ಬರೆಯುವುದು ಕಡ್ಡಾಯವಾಗಲಿ. ಲ್ಯಾಬಿನಲ್ಲಿ ನಾಲ್ಕು ಡಿಗ್ರಿಯ ಫ್ರಿಜ್ ಇರಲಿ, ಅದರಲ್ಲಿಟ್ಟರೆ 24 ಗಂಟೆಯವರೆಗೆ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಬಳಸಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ (ಪಿಎಚ್‌ಸಿ) ತಾಲ್ಲೂಕು, ಜಿಲ್ಲಾಸ್ಪತ್ರೆಗೆ ಕಳಿಸುವ ಮಾದರಿಗೆ ಬೋರಿಕ್ ಆಮ್ಲ ಹಾಕಿದ ಡಬ್ಬಿ ಅಥವಾ ಐಸ್ ಪೆಟ್ಟಿಗೆ ಬೇಕು. ಲಸಿಕೆಗೆ ಐಸ್ ಪೆಟ್ಟಿಗೆ ಹೊತ್ತು ಗುಡ್ಡಗಾಡಿನ ಹಾಡಿಗಳನ್ನೂ ತಲುಪುವ ಇಲಾಖೆಗೆ ಇದು ಆಗದ ಕೆಲಸವಲ್ಲ.

4. ಸ್ಟ್ರಿಪ್‌ಗಳು ಸದಾ ದಾಸ್ತಾನಿರಲಿ, ಅವನ್ನು ಗಡಿಯಾರ ನೋಡಿಯೇ ಓದಲಿ.

ಮೂತ್ರದಲ್ಲಿ ಅದ್ದುವ ಡಿಪ್‌ಸ್ಟಿಕ್ ನಮ್ಮ ಮಟ್ಟಿಗೆ ದೊಡ್ಡ ಉಪಕಾರ. ಆದರೆ ಹಲವು ಕಡೆ ಸಕ್ಕರೆ, ಆಲ್ಬುಮಿನ್ ಎರಡೇ ಚೌಕವಿರುವ ಸ್ಟ್ರಿಪ್ ಬರುತ್ತದೆ. ಸೋಂಕು ತಿಳಿಯಲು ನೈಟ್ರೈಟ್ ಮತ್ತು ಲ್ಯೂಕೋಸೈಟ್ ಎಸ್ಟರೇಸ್ ಚೌಕಗಳು ಬೇಕು. ಮೊದಲನೆಯದು ಬ್ಯಾಕ್ಟೀರಿಯಾ ಮಾಡುವ ರಾಸಾಯನಿಕ ಬದಲಾವಣೆಯನ್ನು ತೋರಿಸಿದರೆ ಎರಡನೆಯದು ಅದರ ವಿರುದ್ಧ ಹೋರಾಡಲು ಬಂದ ಬಿಳಿರಕ್ತಕಣಗಳ ಗುರುತು. ಸಾಮಾನ್ಯವಾಗಿ ಸಿಗುವ ಸ್ಟ್ರಿಪ್‌ಗಳಲ್ಲಿ ನೈಟ್ರೈಟ್ ಚೌಕವನ್ನು 60 ಸೆಕೆಂಡಿಗೆ, ಎಸ್ಟರೇಸ್ ಚೌಕವನ್ನು ಎರಡು ನಿಮಿಷಕ್ಕೆ ನೋಡಬೇಕು. ಅದ್ದಿ, ಬದಿಗಿಟ್ಟು, ಇನ್ನೊಂದು ಕೆಲಸ ಮುಗಿಸಿ ಬಂದು ನೋಡಿದರೆ ಬಣ್ಣ ಸುಳ್ಳು ಹೇಳುತ್ತದೆ. ಬಾಟಲಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವಕ್ಕೇ ಸ್ಟ್ರಿಪ್ ಕೆಡುತ್ತದೆ, ಅದರಲ್ಲೂ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆಯಲಿ.

ಸ್ಟ್ರಿಪ್ಪಿಗೂ ಮಿತಿಯಿದೆ, ಅದು ವೈದ್ಯರ ಮನಸ್ಸಿನಲ್ಲಿರಬೇಕು. ನೈಟ್ರೈಟ್ ಮೂಡಲು ಮೂತ್ರವು ಮೂತ್ರಕೋಶದಲ್ಲಿ ನಾಲ್ಕು ಗಂಟೆಯಾದರೂ ನಿಂತಿರಬೇಕು. ಉರಿಯಿಂದ ಅರ್ಧ ಗಂಟೆಗೊಮ್ಮೆ ಎದ್ದು ಹೋಗುವವಳಲ್ಲಿ ಅಷ್ಟು ಹೊತ್ತು ನಿಲ್ಲುವುದೆಲ್ಲಿ? ಎಂಟೆರೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುವುದೇ ಇಲ್ಲ. ಚೌಕ ಬಣ್ಣ ತಿರುಗಲಿಲ್ಲವೆಂದು, ಉರಿಯಿದೆ ಎನ್ನುತ್ತಿರುವವಳನ್ನು 'ನಿಮಗೇನೂ ಇಲ್ಲ' ಎಂದು ಕಳಿಸಬೇಡಿ.

5. ಕಲ್ಚರ್ ಯಾರಿಗೆ ಬೇಕೋ ಅವರಿಗೆ ಖಂಡಿತ ಸಿಗಲಿ, ತಾಲ್ಲೂಕು ಮಟ್ಟದಲ್ಲೇ ಸಿಗಲಿ.

ಎಲ್ಲರಿಗೂ ಕಲ್ಚರ್ ಮಾಡಿ ಎಂದು ನಾವು ಕೇಳುತ್ತಿಲ್ಲ. ಆರೋಗ್ಯವಂತ, ಬಸುರಿಯಲ್ಲದ ಹೆಣ್ಣಿಗೆ ಉರಿ ಇದ್ದು, ಮತ್ತೆಮತ್ತೆ ಹೋಗಬೇಕೆನಿಸಿ, ಬಿಳಿಸೆರಗು ತುರಿಕೆ ಇಲ್ಲದಿದ್ದರೆ, ವೈದ್ಯರು ಮಾತು ಕೇಳಿಯೇ ಸೋಂಕೆಂದು ತೀರ್ಮಾನಿಸಬಹುದು. ಅಲ್ಲಿ ನಮ್ಮ ಮಾತೇ ದೊಡ್ಡ ಸಾಕ್ಷಿ. ಆದರೆ ಗರ್ಭಿಣಿಯರು, ಪುಟ್ಟ ಮಕ್ಕಳು, ಗಂಡಸರು, ಚಳಿಜ್ವರ ಪಕ್ಕೆನೋವು ಇರುವವರು, ಕಿಡ್ನಿಯಲ್ಲಿ ಕಲ್ಲಿರುವವರು, ಆರು ತಿಂಗಳಲ್ಲಿ ಎರಡು ಸಲ ಇಲ್ಲವೇ ವರ್ಷದಲ್ಲಿ ಮೂರು ಸಲ ಸೋಂಕಾದವರು, ಮಾತ್ರೆ ಮುಗಿದರೂ ಉರಿ ಮುಗಿಯದವರು: ಇವರಿಗೆ ಕಲ್ಚರ್ ಆಗಲೇಬೇಕು. ಅದೂ ಮೊದಲ ಮಾತ್ರೆ ನುಂಗುವ ಮುನ್ನ. ಒಂದು ಡೋಸ್ ಒಳಗೆ ಹೋದರೂ ಬ್ಯಾಕ್ಟೀರಿಯಾ ಬೆಳೆಯದೆ ರಿಪೋರ್ಟ್ ಖಾಲಿ ಬರಬಹುದು.

ಇನ್ನೊಂದು ಮಾತು. ಸೋಂಕು ಎನ್ನಲು ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇರಬೇಕು ಎಂಬ ಲೆಕ್ಕ 1950ರ ದಶಕದಲ್ಲಿ ಬಾಸ್ಟನ್‌ನ ಎಡ್ವರ್ಡ್ ಕ್ಯಾಸ್ ಅವರ ಕೆಲಸದಿಂದ ಬಂದದ್ದು. ಲಕ್ಷಣವಿರುವ ಹೆಂಗಸರಲ್ಲಿ ಅದಕ್ಕಿಂತ ಬಹಳ ಕಡಿಮೆ ಸಂಖ್ಯೆಯೂ ಸೋಂಕೇ ಆಗಬಲ್ಲದೆಂದು 1982ರಲ್ಲಿ ಅಮೆರಿಕದ ವಾಲ್ಟರ್ ಸ್ಟ್ಯಾಮ್ ಮತ್ತು ಸಂಗಡಿಗರು ತೋರಿಸಿದರು. ಹಾಗಾಗಿ 'ಲಕ್ಷ ದಾಟಿಲ್ಲ' ಎಂಬ ಒಂದೇ ಕಾರಣಕ್ಕೆ ಬೆಳೆದದ್ದನ್ನು ರಿಪೋರ್ಟಿನಲ್ಲಿ ಬರೆಯದೆ ಬಿಡಬಾರದು. ಮೂರು ನಾಲ್ಕು ಬಗೆ ಒಟ್ಟಿಗೆ ಬೆಳೆದಿದ್ದರೆ ಮಾದರಿ ಕೆಟ್ಟಿದೆ ಎಂದು ಸ್ಪಷ್ಟವಾಗಿ ಬರೆದು, ಮತ್ತೆ ಕರೆಯಲಿ.

ಸೋಂಕಿದೆಯೇ, ಯಾವ ಔಷಧಿ ನಾಟುತ್ತದೆ ಎಂಬುದನ್ನು 45 ನಿಮಿಷದಲ್ಲಿ ಹೇಳುವ ಯಂತ್ರವೊಂದಕ್ಕೆ 2024ರಲ್ಲಿ 80 ಲಕ್ಷ ಪೌಂಡಿನ ಲಾಂಗಿಟ್ಯೂಡ್ ಪ್ರಶಸ್ತಿ ಬಂತು. ಅಂಥವು ನಮ್ಮಲ್ಲಿಗೂ ಬರಲಿ. ಅಲ್ಲಿಯವರೆಗೆ ಎರಡು ದಿನದ ಕಲ್ಚರ್ ಆದರೂ ನೂರು ಕಿಲೋಮೀಟರ್ ದೂರದಲ್ಲಿ ಇರದಿರಲಿ.

6. ಪ್ರತಿ ಗರ್ಭಿಣಿಗೂ ಒಂದು ಮೂತ್ರ ಕಲ್ಚರ್. ತಾಯಿ ಕಾರ್ಡಿನಲ್ಲಿ ಅದಕ್ಕೊಂದು ಸಾಲು.

ಈ ಪತ್ರದ ಎಲ್ಲ ಬೇಡಿಕೆಗಳಲ್ಲಿ ಒಂದನ್ನೇ ಈಡೇರಿಸುತ್ತೇವೆ ಎಂದು ನೀವು ಹೇಳಿದರೆ ನಾವು ಆರಿಸುವುದು ಇದನ್ನು. ಬಸುರಿಯಲ್ಲಿ ಉರಿ, ನೋವು ಏನೂ ಇಲ್ಲದೆಯೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರಬಹುದು. ನೂರರಲ್ಲಿ ಎರಡರಿಂದ ಹತ್ತು ಗರ್ಭಿಣಿಯರಲ್ಲಿ ಹೀಗಿರುತ್ತದೆ. ಬೇರೆಯವರಲ್ಲಾದರೆ ಸಾಮಾನ್ಯವಾಗಿ ಬಿಟ್ಟುಬಿಡಬಹುದು, ಬಸುರಿಯಲ್ಲಿ ಬಿಡುವಂತಿಲ್ಲ. ಗರ್ಭಕೋಶದ ಒತ್ತಡಕ್ಕೆ, ಹಾರ್ಮೋನಿನ ಬದಲಾವಣೆಗೆ ಮೂತ್ರದ ಹರಿವು ನಿಧಾನವಾಗಿ ಸೋಂಕು ಸುಲಭವಾಗಿ ಕಿಡ್ನಿಗೇರುತ್ತದೆ. ಅವಧಿಗೆ ಮುನ್ನ ಹೆರಿಗೆ, ತೂಕ ಕಡಿಮೆಯ ಕೂಸು ಇವುಗಳ ಜೊತೆಗೂ ಇದಕ್ಕೆ ನಂಟಿದೆ.

ವಿಶ್ವ ಆರೋಗ್ಯ ಸಂಸ್ಥೆ 2016ರ ತನ್ನ ಗರ್ಭಿಣಿ ಆರೈಕೆ ಶಿಫಾರಸಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ನಡುಹರಿವಿನ ಮೂತ್ರದ ಕಲ್ಚರ್ ಮಾಡಿ, ಅದಿಲ್ಲದ ಕಡೆ ಸ್ಟ್ರಿಪ್ಪಿಗಿಂತ ಗ್ರಾಂ ಸ್ಟೇನ್ ಮೇಲು, ಬ್ಯಾಕ್ಟೀರಿಯಾ ಕಂಡರೆ ಏಳು ದಿನ ಆಂಟಿಬಯಾಟಿಕ್ ಕೊಡಿ. ಬ್ಯಾಕ್ಟೀರಿಯಾಕ್ಕೆ ಬಣ್ಣ ಹಚ್ಚಿ ನೋಡುವ ಈ ಗ್ರಾಂ ಸ್ಟೇನ್‌ಗೆ ಬೇಕಾದದ್ದು ಒಂದು ಗಾಜಿನ ಸ್ಲೈಡು, ಒಂದು ಹನಿ ಮೂತ್ರ, ಕ್ರಿಸ್ಟಲ್ ವಯೊಲೆಟ್, ಅಯೋಡಿನ್, ಸ್ಪಿರಿಟ್, ಸಾಫ್ರನಿನ್. ಕಫ ಪರೀಕ್ಷೆಗೆಂದು ಕೊಟ್ಟ ಮೈಕ್ರೋಸ್ಕೋಪ್ ಇದಕ್ಕೂ ಸಾಕು. ಈಗಲೂ ಪ್ರತಿ ತಪಾಸಣೆಯಲ್ಲಿ ಗರ್ಭಿಣಿಯ ಮೂತ್ರ ತೆಗೆದುಕೊಂಡು ಆಲ್ಬುಮಿನ್, ಸಕ್ಕರೆ ನೋಡಿ, ಉಳಿದದ್ದನ್ನು ಚೆಲ್ಲುತ್ತೀರಿ. ತಿಂಗಳ ಒಂಬತ್ತನೇ ತಾರೀಖು ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆಯ ದಿನ, ಮೊದಲ ಸಲ ಬಂದ ಪ್ರತಿ ಬಸುರಿಯ ಮಾದರಿಯನ್ನು ಕ್ರಮವಾಗಿ ಹಿಡಿಸಿ ಕಲ್ಚರ್‌ಗೆ ಕಳಿಸಿ. ಫಲಿತಾಂಶವನ್ನು ಆಶಾ ಕಾರ್ಯಕರ್ತೆಯ ಫೋನಿಗೆ ಮುಟ್ಟಿಸಿ. ಮನೆ ಬಾಗಿಲಿಗೆ ಹೋಗಿ ಕರೆತರುವ ಕೆಲಸ ನಮ್ಮದು.

7. ಕಾರಣ ತಿಳಿಯದ ಜ್ವರದ ಕೂಸಿಗೆ ಮೂತ್ರ ಪರೀಕ್ಷೆ ಮರೆಯದಿರಲಿ.

ಎರಡು ವರ್ಷದೊಳಗಿನ ಮಗು ಉರಿ ಎಂದು ಹೇಳಲಾರದು. ಜ್ವರ, ವಾಂತಿ, ಹಾಲು ಬಿಡುವುದು, ಇಷ್ಟೇ ಕಾಣುತ್ತದೆ. ಗಂಟಲು, ಕಿವಿ, ಎದೆ ಎಲ್ಲ ಸರಿಯಿದ್ದೂ ಜ್ವರವಿದ್ದರೆ ಮೂತ್ರ ನೋಡಬೇಕು. ತಡವಾದರೆ ಎಳೆಯ ಕಿಡ್ನಿಯಲ್ಲಿ ಕಲೆ ಉಳಿಯಬಹುದು. ಅಂಟಿಸುವ ಚೀಲದಲ್ಲಿ ಸಂಗ್ರಹಿಸಿದ ಮೂತ್ರ ಸೋಂಕಿಲ್ಲ ಎನ್ನಲು ಸಹಾಯಕ, ಸೋಂಕಿದೆ ಎಂದು ಖಚಿತಪಡಿಸಲು ಸಾಲದು. ತಣ್ಣನೆಯ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಮಗುವಿನ ಕಿಬ್ಬೊಟ್ಟೆಯನ್ನು ಮೆಲ್ಲಗೆ ಸವರಿದರೆ ಬೇಗ ಮೂತ್ರ ಮಾಡುವ ಸಂಭವ ಹೆಚ್ಚೆಂದು ಆಸ್ಟ್ರೇಲಿಯಾದ ವೈದ್ಯರು 2017ರಲ್ಲಿ ತೋರಿಸಿದ್ದಾರೆ. ಇಂಥ ಸುಲಭ ಕ್ರಮವನ್ನು ನರ್ಸ್‌ಗಳಿಗೆ ಕಲಿಸಿ. ಹಾಗೂ ಸಿಗದಿದ್ದರೆ ಕ್ಯಾತಿಟರ್ ಮೂಲಕ ತೆಗೆಯುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯಲ್ಲಿರಲಿ.

8. ರಿಪೋರ್ಟಿಗೆ ಚಿಕಿತ್ಸೆ ಕೊಡಬೇಡಿ, ರೋಗಿಗೆ ಕೊಡಿ.

ವಯಸ್ಸಾದವರ ಮೂತ್ರದಲ್ಲಿ, ಬಹಳ ದಿನ ಕ್ಯಾತಿಟರ್ ಇರುವವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣುವುದು ಸಾಮಾನ್ಯ. ಜ್ವರ, ಉರಿ, ನೋವು ಇಲ್ಲದಿದ್ದರೆ ಅದಕ್ಕೆ ಮಾತ್ರೆ ಬೇಡ. ಗರ್ಭಿಣಿಯರು ಮತ್ತು ಮೂತ್ರಾಂಗದ ಕೆಲವು ಶಸ್ತ್ರಚಿಕಿತ್ಸೆಗೆ ಅಣಿಯಾಗುತ್ತಿರುವವರು ಇದಕ್ಕೆ ಮುಖ್ಯ ಅಪವಾದ. ಮೂತ್ರ ವಾಸನೆ ಬಂತು, ಮಬ್ಬಾಯಿತು ಎಂದಷ್ಟಕ್ಕೇ ಆಂಟಿಬಯಾಟಿಕ್ ಬರೆಯುವುದು ನಿಲ್ಲಲಿ. ಕ್ಯಾತಿಟರ್ ಇರುವವರ ಮಾದರಿಯನ್ನು ಎಂದೂ ಚೀಲದಿಂದ ತೆಗೆಯಬಾರದು.

9. ಕೀವುಕಣ ಇದ್ದೂ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಅಲ್ಲಿಗೇ ಕೈಬಿಡಬೇಡಿ.

ಅದು ಮೂತ್ರಾಂಗದ ಕ್ಷಯವಿರಬಹುದು. ಕ್ಷಯದ ಬ್ಯಾಕ್ಟೀರಿಯಾ ಸಾಮಾನ್ಯ ಕಲ್ಚರ್ ತಟ್ಟೆಯಲ್ಲಿ ಬೆಳೆಯದು. ತಿಂಗಳುಗಟ್ಟಲೆ 'ಯೂರಿನ್ ಇನ್‌ಫೆಕ್ಷನ್' ಎಂದು ಮಾತ್ರೆ ಬದಲಿಸುತ್ತಾ ಹೋದವರ ಕಿಡ್ನಿ ಅಷ್ಟರಲ್ಲಿ ಹಾಳಾಗಿರಬಹುದು. ಇಂಥವರ ಬೆಳಗಿನ ಜಾವದ ಮೂತ್ರವನ್ನು ಕ್ಷಯ ಪರೀಕ್ಷೆಗೆ ಕಳಿಸುವುದು ನಿಯಮವಾಗಲಿ.

10. ಮಾತ್ರೆಗೆ ಲೆಕ್ಕವಿರಲಿ.

2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಔಷಧ ನಿಯಮಗಳ ಶೆಡ್ಯೂಲ್ ಎಚ್1 ಪ್ರಕಾರ ಸೆಫಿಕ್ಸಿಮ್‌ನಂಥ ಆಂಟಿಬಯಾಟಿಕ್‌ಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಿದ್ದನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಔಷಧ ನಿಯಂತ್ರಣ ಅಧಿಕಾರಿಗಳು ಈ ಪುಸ್ತಕ ತೆರೆಸಿ ನೋಡಲಿ. ಅದೇ ವೇಳೆ, ಸಾದಾ ಮೂತ್ರಕೋಶದ ಸೋಂಕಿಗೆ ಮೊದಲು ಯೋಚಿಸಬೇಕಾದ ನೈಟ್ರೋಫ್ಯುರಾಂಟೊಯಿನ್ ಪ್ರತಿ ಪಿಎಚ್‌ಸಿಯ ಔಷಧಾಲಯದಲ್ಲೂ ಇರಲಿ. ಅದು ಹಳೆಯ ಔಷಧಿ, ಅಗ್ಗದ್ದು, ನಮ್ಮ ದೇಶದ ಇ.ಕೋಲಿಯ ಮೇಲೆ ಇಂದಿಗೂ ಚೆನ್ನಾಗಿ ನಾಟುವುದು. ಕಿಡ್ನಿ ಸೋಂಕಿಗೆ, ಕಿಡ್ನಿ ಸೋತವರಿಗೆ, ಹೆರಿಗೆ ಹತ್ತಿರವಾದವರಿಗೆ ಅದು ಸಲ್ಲದು ಎಂಬುದನ್ನೂ ಜೊತೆಗೇ ತಿಳಿಸಿ.

ಯಾವ ಜಿಲ್ಲೆಯಲ್ಲಿ ಯಾವ ಔಷಧಿ ನಾಟುತ್ತಿದೆ, ಯಾವುದು ನಾಟುತ್ತಿಲ್ಲ ಎಂಬ ಪಟ್ಟಿಯನ್ನು ಜಿಲ್ಲಾಸ್ಪತ್ರೆಗಳ ಕಲ್ಚರ್ ಫಲಿತಾಂಶದಿಂದ ವರ್ಷಕ್ಕೊಮ್ಮೆ ಸಿದ್ಧಪಡಿಸಿ, ಪಿಎಚ್‌ಸಿ ವೈದ್ಯರ ಮೇಜಿಗೆ ತಲುಪಿಸಿ. ನೆರೆಯ ಕೇರಳ 2018ರಲ್ಲೇ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ತಡೆಯಲು ರಾಜ್ಯ ಮಟ್ಟದ ಕ್ರಿಯಾ ಯೋಜನೆ ಮಾಡಿಕೊಂಡು ಈ ದಾರಿಯಲ್ಲಿ ಬಹಳ ಮುಂದೆ ಹೋಗಿದೆ.

11. ರಿಪೋರ್ಟ್ ನಮಗೆ ಅರ್ಥವಾಗಲಿ.

'ಪಸ್ ಸೆಲ್ಸ್ 8-10, ಎಪಿಥೀಲಿಯಲ್ ಸೆಲ್ಸ್ ಪ್ಲೆಂಟಿ' ಎಂಬ ಚೀಟಿಯನ್ನು ಮಡಿಚಿ ಕುಪ್ಪಸದಲ್ಲಿಟ್ಟುಕೊಂಡು ಮನೆಗೆ ಹೋಗುತ್ತೇವೆ. ಎಪಿಥೀಲಿಯಲ್ ಕಣ ಬಹಳ ಇದ್ದರೆ ಮಾದರಿಗೆ ಚರ್ಮದ ಕಣ ಬೆರೆತಿದೆ, ಮತ್ತೆ ಕೊಡಬೇಕು ಎಂದು ಯಾರೂ ಹೇಳುವುದಿಲ್ಲ. ಫಲಿತಾಂಶದ ಕೆಳಗೆ ಕನ್ನಡದಲ್ಲಿ ಎರಡು ಸಾಲು ಇರಲಿ: ಏನು ಕಂಡಿತು, ಮುಂದೇನು ಮಾಡಬೇಕು.

12. ಲ್ಯಾಬ್ ಟೆಕ್ನಿಷಿಯನ್‌ಗಳ ಖಾಲಿ ಹುದ್ದೆ ತುಂಬಿ. ಒಬ್ಬರೇ ರಕ್ತ, ಕಫ, ಮೂತ್ರ, ಮಲೇರಿಯಾ, ಕಂಪ್ಯೂಟರ್ ಎಂಟ್ರಿ ಎಲ್ಲ ನೋಡುವಲ್ಲಿ ಮೂರನೇ ಮತ್ತು ನಾಲ್ಕನೇ ಬೇಡಿಕೆಗಳು ಕಾಗದದಲ್ಲೇ ಉಳಿಯುತ್ತವೆ. ಗುತ್ತಿಗೆಯ ಮೇಲಿರುವವರಿಗೆ ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಿ.

13. ದುಡಿಯುವ ಜಾಗದಲ್ಲಿ ಶೌಚಾಲಯ, ಹೋಗಲು ಅನುಮತಿ.

ಇದು ಪರೀಕ್ಷೆಯ ವಿಷಯವಲ್ಲ, ಆದರೂ ಇಲ್ಲಿ ಬರೆಯದಿರಲಾರೆವು. ಗಾರ್ಮೆಂಟ್ಸ್ ಸಾಲಿನಲ್ಲಿ ಕೂತ ಹೆಣ್ಣು, ಬೆಳಗಿನ ಜಾವ ರಸ್ತೆ ಗುಡಿಸುವ ಪೌರಕಾರ್ಮಿಕೆ, ಬಸ್ಸಿನ ನಿರ್ವಾಹಕಿ, ಕಾಫಿ ತೋಟದ ಕೂಲಿಯಾಳು ಇವರೆಲ್ಲ ನೀರು ಕುಡಿಯುವುದನ್ನೇ ಕಡಿಮೆ ಮಾಡಿರುತ್ತಾರೆ. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ. ಕಾರ್ಖಾನೆಯಲ್ಲಿ ಶೌಚಾಲಯ ಕಡ್ಡಾಯವೆಂದು 1948ರ ಕಾಯ್ದೆಯಲ್ಲೇ ಬರೆದಿತ್ತು. ಕಾರ್ಮಿಕ ಇಲಾಖೆಯೂ ಆರೋಗ್ಯ ಇಲಾಖೆಯೂ ಕೂಡಿ ತಪಾಸಣೆ ಮಾಡಲಿ. ಶೌಚಾಲಯ ಇದೆಯೇ ಎಂಬುದರ ಜೊತೆಗೆ, ಕೆಲಸದ ನಡುವೆ ಎದ್ದು ಹೋಗಲು ಬಿಡುತ್ತಾರೆಯೇ ಎಂದು ಹೆಣ್ಣಾಳುಗಳನ್ನೇ ಕೇಳಲಿ.

ಮಾನ್ಯರೇ, ಇವುಗಳಲ್ಲಿ ಹುದ್ದೆ ತುಂಬುವುದಕ್ಕೆ, ತಾಲ್ಲೂಕಿಗೊಂದು ಕಲ್ಚರ್ ವ್ಯವಸ್ಥೆಗೆ ಬಜೆಟ್ಟಿನಲ್ಲಿ ಹಣ ಬೇಕೆಂದು ನಮಗೆ ಗೊತ್ತು. ಅದಕ್ಕೆ ಗಡುವು ಹಾಕಿ ಲಿಖಿತವಾಗಿ ತಿಳಿಸಿ. ಆದರೆ ಶೌಚಾಲಯದ ಬೀಗ ತೆಗೆಯಲು, ಡಬ್ಬಿಯ ಮೇಲೆ ಗಂಟೆ ಬರೆಯಲು, ಸ್ಟ್ರಿಪ್ಪನ್ನು ಗಡಿಯಾರ ನೋಡಿ ಓದಲು, ಕ್ಯಾತಿಟರ್ ಚೀಲದಿಂದ ಮಾದರಿ ತೆಗೆಯದಿರಲು, ರಿಪೋರ್ಟಿನ ಕೆಳಗೆ ಕನ್ನಡದ ಎರಡು ಸಾಲು ಬರೆಯಲು ಬೇಕಾಗಿರುವುದು ಇಲಾಖೆಯ ಒಂದು ಸುತ್ತೋಲೆ. ಅದನ್ನು ಈ ತಿಂಗಳೇ ಹೊರಡಿಸಬೇಕೆಂದು ಒತ್ತಾಯಿಸುತ್ತೇವೆ.

ಇಂತಿ,
ಸಹಿ ಮಾಡಿದ, ಹೆಬ್ಬೆಟ್ಟು ಒತ್ತಿದ ಎಲ್ಲರ ಪರವಾಗಿ